ಕೂದಲೆಳೆ

ಆರು ಚಾಪೆಯ ಕೋಣೆ ನಮ್ಮದು, ಒತಾರು ಬಂದರಿನ ಏರಿನಲ್ಲಿ.
ಎರಡು ಚಾಪೆಯಷ್ಟು ಜಾಗ ಅವಕ್ಕೇ ಹೋಯಿತು:
ಎದೆಮಟ್ಟ ನಿಂತ ಆಕ್ರೋಟು ಮರದ ಪೆಟ್ಟಿಗೆಗಳು,
ತಲಾ ತೊಂಬತ್ತು ಕಿಲೋ.
ಹೊತ್ತು ತಂದ ಹುಡುಗರು ಏದುಸಿರಿನಲ್ಲಿ
ಬೂಟು ಬಿಚ್ಚುವುದನ್ನೇ ಮರೆತರು.
ನನ್ನ ಗಂಡ ತೆತ್ಸುರೋ, ಮೂವತ್ತೆಂಟು ವರ್ಷ
ರೈಲ್ವೆ ಸಿಗ್ನಲ್ಲುಗಳಿಗೆ ಎಣ್ಣೆ ಹಚ್ಚಿದವ,
ಪಿಂಚಣಿಯ ಗಂಟು ಸುರಿದು ತಂದದ್ದನ್ನು
ಮುಟ್ಟಲು ಹೆದರಿ
ಕೈ ಹಿಂದೆ ಕಟ್ಟಿ ನಿಂತ.

ಮರುದಿನದಿಂದ ಶುರು.
ಮೊಳೆಗಾಲುಗಳ ಕೆಳಗೆ ಹತ್ತು ಯೆನ್ನಿನ ಬಿಲ್ಲೆ,
ಅದು ತೆಗೆದು ತೂತಿನ ಐದರದು,
ಮತ್ತೆ ಹತ್ತರದೇ.
"ಕೇಳಿಸಿತಾ? ಸೆಲ್ಲೋ ಈಗ ನೆಲಕ್ಕೆ ಕಾಲೂರಿತು."
ನನಗೆ ಕಂಡದ್ದು ಇಷ್ಟು:
ಎಂಬತ್ತು ಯೆನ್ನು ಸದ್ದಿಲ್ಲದೆ ಕೂತಿದೆ.

ಗೋಡೆಯಿಂದ ಎಪ್ಪತ್ತೊಂದು ಸೆಂಟಿಮೀಟರು.
ಎಪ್ಪತ್ತೊಂದೂವರೆ.
ಹಲಗೆಯ ಮೇಲೆ ನೀಲಿ ಟೇಪು, ಪಕ್ಕದಲ್ಲಿ ಹಳದಿ,
ಅದರ ಮೇಲೆ ಪೆನ್ಸಿಲಿನಲ್ಲಿ ತಾರೀಖು.
ಬೇರೆಯವರ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ
ಮಕ್ಕಳ ಎತ್ತರದ ಗೀಟುಗಳಿರುತ್ತವೆ.
ನಮ್ಮಲ್ಲಿ ಗೀಟು ಅಡ್ಡಕ್ಕೆ.

ನನ್ನದು ಕ್ಷೌರದಂಗಡಿ.
ಅರ್ಧ ಬಂದರಿನ ಕಿವಿಗಳನ್ನು ಮಡಿಚಿ ಹಿಡಿದು
ಅಂಚಿನ ಕೂದಲು ತೆಗೆದಿದ್ದೇನೆ.
ಒಂದೇ ತಲೆಯ ಎರಡು ಕಿವಿ ಕೂಡ ಒಂದೇ ಥರ ಇರುವುದಿಲ್ಲ.
ಹಡಗಿನ ಎಂಜಿನ್ ಕೋಣೆಯವರು
ನಾನು ಮಾತಾಡಿಸಿದರೆ ಕನ್ನಡಿಯಲ್ಲಿ ನನ್ನ ತುಟಿ ನೋಡುತ್ತಾರೆ.
ಇತ್ತೀಚೆಗೆ
ಇವನೂ ನೋಡುತ್ತಾನೆ.

"ಬಲದ್ದನ್ನು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸು, ಫುಮಿಯೆ."
ಕುರ್ಚಿ ಬಿಟ್ಟು ಏಳುವುದಿಲ್ಲ, ಎದ್ದರೆ ಕಿವಿ ಕದಲುತ್ತದಂತೆ.
"ಯಾರ ಕೂದಲು?" ಕೇಳುತ್ತೇನೆ, ಭುಜ ಕೊಟ್ಟು ತಳ್ಳುತ್ತಾ.
"ಹಸುಳೆಯದೋ, ಮೀನುದೋಣಿಯವನದೋ?"

ಕುರ್ಚಿ ಒಂದೇ. ಸರಿಯಾದ ಜಾಗವೂ ಒಂದೇ:
ಎರಡು ಪೆಟ್ಟಿಗೆ, ಒಂದು ತಲೆ, ಸಮಬಾಹು ತ್ರಿಭುಜ.
ನನ್ನ ಜಾಗ ಎಡಕ್ಕೆ, ಸೀಮೆಎಣ್ಣೆ ಒಲೆಯ ಹತ್ತಿರ.
ಹನ್ನೊಂದು ಚಳಿಗಾಲ ಅಲ್ಲಿ ಕೂತು ಕೇಳಿದೆ.
ನನ್ನ ಪಾಲಿಗೆ ಪಿಟೀಲೇ ಪಿಟೀಲು;
ಡಬಲ್ ಬಾಸು, ಪಕ್ಕದ ಮನೆಯಲ್ಲಿ ಯಾರೋ ಮೇಜು ಎಳೆದ ಹಾಗೆ.
ಹಾಡುವಾಕೆ ಎಡ ಪೆಟ್ಟಿಗೆಯೊಳಗೆ ಅವಿತೇ ಹಾಡಿದಳು.
"ಅಗೋ, ನಡುವೆ ನಿಂತಿದ್ದಾಳೆ" ಅನ್ನುವನು ಇವನು,
"ಕ್ಯಾಲೆಂಡರಿನ ಮುಂದೆ, ಬಾಯಿ ಇಷ್ಟೆತ್ತರಕ್ಕೆ."
ನನಗೆ ಕ್ಯಾಲೆಂಡರು ಕಾಣುತ್ತಿತ್ತು,
ಕಸದ ಗಾಡಿ ಬರುವ ದಿನಗಳಿಗೆ ಕೆಂಪು ಸುತ್ತು.

ಫೆಬ್ರವರಿ. ಕಿಟಕಿಯ ಅರ್ಧಕ್ಕೆ ಹಿಮ.
ಇಂಥ ರಾತ್ರಿ ಊರೇ ಕಿವಿಗೆ ಅರಳೆ ಇಟ್ಟುಕೊಂಡಂತಿರುತ್ತದೆ,
ಇವನು ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತಿಡುತ್ತಾನೆ.
ಅಂದು ಮಾಡಿನ ಹಿಮ ತಳ್ಳಿ ಬಂದವನು
ನಡುಗುತ್ತಾ ಒಲೆಯ ಹತ್ತಿರ ಕೂತುಬಿಟ್ಟ, ನನ್ನ ದಿಂಬಿನ ಮೇಲೆ.
ನಾನು ರೆಕಾರ್ಡು ತಿರುಗಿಸಿ ಮುಳ್ಳು ಇಳಿಸಿದೆ.

ಒಂದು ಮಗ್ಗುಲು ಮುಗಿಯಿತು.
ಮುಳ್ಳು ನಡುವಿನ ಖಾಲಿಯಲ್ಲಿ ಟಿಕ್ ಟಿಕ್ ಅನ್ನುತ್ತಲೇ ಇತ್ತು.
"ನಿನಗೆ ಇಷ್ಟು ವರ್ಷ ಕೇಳಿಸಿದ್ದು ಇದಾ?"
"ಪಿಟೀಲು ಚೆನ್ನಾಗಿತ್ತು" ಅಂದೆ.

ಅವನೇ ತಳ್ಳಿದ, ಸೊಂಟ ಹಿಡಿದರೂ ಬಿಡದೆ.
ಪೆಟ್ಟಿಗೆಗಳ ನೋಟ ನಮ್ಮ ಮುಂದೆಯೇ ಅಡ್ಡ ಹಾಯುವಷ್ಟು
ಒಳಕ್ಕೆ, ಇನ್ನೂ ಒಳಕ್ಕೆ;
ಎರಡೂ ಮೆಳ್ಳೆಗಣ್ಣಾದವು.
ಕುರ್ಚಿ ಹಜಾರಕ್ಕೆ ಹೋಯಿತು. ದಿಂಬು ಎರಡು, ಅಕ್ಕಪಕ್ಕ.

ಬಂದಳು ಆಕೆ. ಕ್ಯಾಲೆಂಡರಿಗೆ ನೇರ ಅಲ್ಲ,
ಕ್ಯಾಲೆಂಡರಿಗೂ ಕಪಾಟಿಗೂ ನಡುವೆ ಎಲ್ಲೋ.
"ಸ್ವಲ್ಪ ದಪ್ಪಗಾಗಿದ್ದಾಳೆ" ಎಂದ, ಬೇಸರದಲ್ಲಿ.
"ವಯಸ್ಸಾಯಿತಲ್ಲ" ಅಂದೆ.

ಕೊನೆಯಲ್ಲಿ, ಎಲ್ಲ ವಾದ್ಯ ತಗ್ಗಿದ ಮೇಲೆ,
ಒಂದು ಸಣ್ಣ ಉಕ್ಕಿನ ಗಂಟೆ ಇದೆ.
ಅವನು ನನ್ನ ತುಟಿಯತ್ತ ತಿರುಗಿದ.
"ಬಂತಾ?"
"ಬಂತು."
"ಎಷ್ಟು?"
"ಕೂದಲೆಳೆಯಷ್ಟು."
"ಯಾರದು?" ಎಂದ.